ಕೈಕೊಟ್ಟಾಗ ತೆರೆಯ ಮೇಲೆ ಏನು ಉಳಿಯುತ್ತಿತ್ತು: ಮೂರು ಹಳೆಯ ಕಂಪ್ಯೂಟರುಗಳ ಹೋಲಿಕೆ

ಪ್ರಸಾರದ ಕೆಲಸಕ್ಕೆ ಬಳಸಿದ ಹಳೆಯ ಕಂಪ್ಯೂಟರುಗಳಲ್ಲಿ ಯಾವುದು ಹೆಚ್ಚು ಕೆಡುತ್ತಿತ್ತು, ಯಾವುದು ಕಡಿಮೆ ಕೆಡುತ್ತಿತ್ತು ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಮೂರೂ ಕೆಡುತ್ತಿದ್ದವು ಎಂಬುದೇ ನನ್ನ ಉತ್ತರ. ಕೆಟ್ಟ ಆ ಗಳಿಗೆಯಲ್ಲಿ ನೋಡುಗರ ಮನೆಯ ತೆರೆಯ ಮೇಲೆ ಏನು ಉಳಿಯುತ್ತಿತ್ತು, ಮತ್ತೆ ಸರಿಪಡಿಸಲು ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂಬ ವಿಷಯದಲ್ಲಿ ಮಾತ್ರ ಅವು ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಷ್ಟು ಬೇರೆಯಾಗಿದ್ದವು. ಬೆಂಗಳೂರಿನ ಒಂದು ಸಣ್ಣ ವಿಡಿಯೊ ಸ್ಟುಡಿಯೊದಲ್ಲಿ, ಮುಂದೆ ಅದೇ ಸ್ಟುಡಿಯೊ ನಡೆಸಿದ ಕೇಬಲ್ ವಾಹಿನಿಯಲ್ಲಿ, 1988ರಿಂದ 1996ರವರೆಗೆ ಶೀರ್ಷಿಕೆಗಳ, ಅಂದರೆ ಚಿತ್ರದ ಮೇಲೆ ಮೂಡುವ ಹೆಸರು ಬರಹಗಳ ಹೊಣೆ ನನ್ನದಾಗಿತ್ತು. ಬಿಬಿಸಿ ಮೈಕ್ರೊ, ಅಮಿಗಾ 500 ಮತ್ತು 286 ಪ್ರೊಸೆಸರಿನ ಪಿಸಿ, ಈ ಮೂರನ್ನೂ ಆ ಒಂದೇ ಕೆಲಸಕ್ಕೆ ಹಚ್ಚಿ ನೋಡಿದ ಅನುಭವದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಆಗ ದೊಡ್ಡ ದೂರದರ್ಶನ ಕೇಂದ್ರಗಳಲ್ಲಿ ಆಸ್ಟನ್, ಕೈರಾನ್ ಮುಂತಾದ ಕಂಪನಿಗಳ, ಅಕ್ಷರ ಮೂಡಿಸುವುದಕ್ಕೆಂದೇ ತಯಾರಾದ ಕ್ಯಾರೆಕ್ಟರ್ ಜನರೇಟರುಗಳು ಬಳಕೆಯಲ್ಲಿದ್ದವು. ಅವುಗಳ ಬೆಲೆ ನಮ್ಮ ಇಡೀ ಸ್ಟುಡಿಯೊದ ಬೆಲೆಗಿಂತ ಹೆಚ್ಚಾಗಿದ್ದುದರಿಂದ ನಮ್ಮಂಥವರು ಮನೆಬಳಕೆಯ ಕಂಪ್ಯೂಟರುಗಳ ಕಡೆಗೆ ತಿರುಗಿದೆವು. ಆದರೆ ಕಂಪ್ಯೂಟರಿನ ಚಿತ್ರವನ್ನು ಸುಮ್ಮನೆ ತಂದು, ಹಲವು ಕಡೆಯ ಚಿತ್ರಗಳನ್ನು ಬೆರೆಸುವ ಮಿಕ್ಸರಿಗೆ ಜೋಡಿಸಿದರೆ ಕೆಲಸವಾಗುವುದಿಲ್ಲ. ಆಗಿನ ನಮ್ಮ ಟೀವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು, ಒಂದೊಂದು ಚಿತ್ರಕ್ಕೆ 625 ಗೆರೆಗಳು. ಸ್ಟುಡಿಯೊದ ಎಲ್ಲ ಕ್ಯಾಮೆರಾಗಳೂ ಒಂದೇ ಸಿಂಕ್ ಜನರೇಟರಿನ ಲೆಕ್ಕಕ್ಕೆ, ಭಾಗವತರ ತಾಳಕ್ಕೆ ಮದ್ದಳೆ ಚೆಂಡೆಗಳು ಹೊಂದಿಕೊಂಡ ಹಾಗೆ, ಒಂದೊಂದು ಗೆರೆಯನ್ನೂ ಒಟ್ಟಿಗೇ ಆರಂಭಿಸಬೇಕು. ತನ್ನದೇ ಲಯದಲ್ಲಿ ಓಡುವ ಕಂಪ್ಯೂಟರನ್ನು ಈ ತಾಳಕ್ಕೆ ಹಿಡಿದು ನಿಲ್ಲಿಸುವ ಉಪಕರಣಕ್ಕೆ ಜೆನ್‌ಲಾಕ್ ಎಂದು ಹೆಸರು. ಮೂರು ಯಂತ್ರಗಳ ಗುಣದೋಷಗಳೆಲ್ಲ ಹೆಚ್ಚುಕಡಿಮೆ ಈ ಒಂದು ಬಿಂದುವಿನಿಂದಲೇ ಹೊರಡುತ್ತವೆ.

ಮೊದಲು ಬಂದದ್ದು ಬಿಬಿಸಿ ಮೈಕ್ರೊ. ಕೇಂಬ್ರಿಜ್‌ನ ಏಕಾರ್ನ್ ಕಂಪನಿ, ಬಿಬಿಸಿಯ ಕಂಪ್ಯೂಟರ್ ಸಾಕ್ಷರತಾ ಯೋಜನೆಗಾಗಿ 1981ರ ಕೊನೆಯಲ್ಲಿ ಹೊರತಂದ ಯಂತ್ರವಿದು. 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೂ ಬಂದಿತ್ತಾದ್ದರಿಂದ, ಅದನ್ನು ಬಲ್ಲ ಮೇಷ್ಟ್ರುಗಳೂ ಅದರ ಕೈಪಿಡಿಗಳೂ ಊರಿನಲ್ಲಿ ಸಿಗುತ್ತಿದ್ದವು. 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರು, 32 ಕಿಲೊಬೈಟ್ ಮೆಮೊರಿ, ಇಷ್ಟೇ ಅದರ ಬಂಡವಾಳ. ಟೀವಿಯ ಮೇಲೆ ಬರಹದ ಪುಟ ತೋರಿಸುವ ಟೆಲಿಟೆಕ್ಸ್ಟ್ ಚಿಪ್ಪೊಂದು ಅದರೊಳಗೇ ಇದ್ದುದರಿಂದ 40 ಅಕ್ಷರಗಳ 25 ಸಾಲುಗಳ ಅಚ್ಚುಕಟ್ಟಾದ ಇಂಗ್ಲಿಷ್ ಪುಟವನ್ನು ಕೇವಲ 1 ಕಿಲೊಬೈಟ್ ಮೆಮೊರಿಯಲ್ಲಿ ತೋರಿಸುತ್ತಿತ್ತು. ನಮಗೆ ಬೇಕಾಗಿದ್ದುದು ಕನ್ನಡ. ಆ ಚಿಪ್ಪಿನೊಳಗೆ ಅಚ್ಚಾಗಿದ್ದ ಅಕ್ಷರಗಳನ್ನು ಬದಲಿಸುವಂತಿರಲಿಲ್ಲವಾದ್ದರಿಂದ, ಬಿಂದು ಬಿಂದುವಾಗಿ ಚಿತ್ರ ಬಿಡಿಸುವ ಬೇರೆ ಮೋಡುಗಳಿಗೆ ಹೋಗಬೇಕಾಯಿತು. 320 ಬಿಂದು ಅಗಲ, 256 ಬಿಂದು ಎತ್ತರದ ನಾಲ್ಕು ಬಣ್ಣಗಳ ಮೋಡ್ 1 ಆರಿಸಿಕೊಂಡರೆ ತೆರೆಯೊಂದೇ 20 ಕಿಲೊಬೈಟ್ ನುಂಗುತ್ತಿತ್ತು. ಫ್ಲಾಪಿಯ ವ್ಯವಸ್ಥೆಯೂ ಯಂತ್ರದ ಸ್ವಂತ ಖರ್ಚೂ ಕಳೆದು ನನ್ನ ಪ್ರೋಗ್ರಾಮಿಗೆ, ಅಕ್ಷರಗಳ ಆಕಾರಗಳಿಗೆ ಮತ್ತು ಅತಿಥಿಗಳ ಹೆಸರುಗಳಿಗೆ ಸೇರಿ ಮಿಕ್ಕುತ್ತಿದ್ದುದು 5,888 ಬೈಟುಗಳು. ‘ರಾಷ್ಟ್ರೀಯ’ ಎಂಬ ಪದವೊಂದು ಬಂದರೆ ಒತ್ತಕ್ಷರಗಳು ಮೂರಂತಸ್ತಿನ ಮನೆಯ ಹಾಗೆ ಕೆಳಗಿಳಿಯುತ್ತಿದ್ದವು. ಜಾಗ ಸಾಲದೆ ‘ಷ್ಟ್ರೀ’ಯನ್ನು ಪ್ರತ್ಯೇಕ ಚಿತ್ರವಾಗಿ ಬಿಡಿಸಿಟ್ಟುಕೊಂಡದ್ದುಂಟು. ಕೊನೆಗೆ ಬಣ್ಣದ ಆಸೆ ಬಿಟ್ಟು, ಅರ್ಧದಷ್ಟೇ ಮೆಮೊರಿ ತಿನ್ನುವ ಎರಡು ಬಣ್ಣದ ಮೋಡ್ 4ಕ್ಕೆ ಇಳಿದೆವು.

ಅದಕ್ಕೆ ಹೊಂದುವ ಜೆನ್‌ಲಾಕ್ ನಮಗೆ ಸಿಗಲಿಲ್ಲ. ಹಾಗಾಗಿ ನಾವು ಮಾಡಿದ ಉಪಾಯ ಈಗ ಹೇಳಿಕೊಳ್ಳಲು ತುಸು ಸಂಕೋಚವೇ ಆಗುತ್ತದೆ. ಕಪ್ಪು ಬಟ್ಟೆ ಹೊದಿಸಿದ ರಟ್ಟಿನ ಡಬ್ಬಿಯೊಳಗೆ ಅದರ ಮಾನಿಟರನ್ನಿಟ್ಟು ಎದುರಿಗೆ ಒಂದು ಹಳೆಯ ಕ್ಯಾಮೆರಾ ನಿಲ್ಲಿಸಿದೆವು. ಕ್ಯಾಮೆರಾ ಸ್ಟುಡಿಯೊದ ತಾಳದಲ್ಲಿಯೇ ಇರುವುದರಿಂದ ಮಿಕ್ಸರು ತಕರಾರಿಲ್ಲದೆ ಅದನ್ನು ಒಪ್ಪಿಕೊಂಡಿತು. ತಕರಾರು ಬಂದದ್ದು ಇನ್ನೊಂದು ಕಡೆಯಿಂದ. ಅಕ್ಷರಗಳು ಅದುರದಿರಲೆಂದು ಬಿಬಿಸಿ ಮೈಕ್ರೊದ ಇಂಟರ್‌ಲೇಸನ್ನು, ಅಂದರೆ ಬೆಸ ಗೆರೆಗಳನ್ನೂ ಸಮ ಗೆರೆಗಳನ್ನೂ ಸರದಿಯ ಮೇಲೆ ಎಳೆಯುವ ಕ್ರಮವನ್ನು, ನಿಲ್ಲಿಸಿದರೆ, ಅದು ಒಂದು ಫೀಲ್ಡಿಗೆ, ಅಂದರೆ ಒಂದು ಸರದಿಗೆ, 312.5ರ ಬದಲು 312 ಗೆರೆಗಳನ್ನೇ ಎಳೆದು ಸೆಕೆಂಡಿಗೆ 50ಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಸಲ ತೆರೆಯನ್ನು ತುಂಬುತ್ತಿತ್ತು. ಪರಿಣಾಮವಾಗಿ ಸುಮಾರು 12 ಸೆಕೆಂಡಿಗೊಮ್ಮೆ ಮಸುಕಾದ ಅಡ್ಡಪಟ್ಟಿಯೊಂದು ತೆರೆಯ ಉದ್ದಕ್ಕೂ ತೆವಳಿಕೊಂಡು ಹೋಗುತ್ತಿತ್ತು. ಇಂಟರ್‌ಲೇಸ್ ಹಾಕಿದರೆ ಪಟ್ಟಿ ಹೆಚ್ಚುಕಡಿಮೆ ನಿಂತೇಬಿಡುತ್ತಿತ್ತು, ಆದರೆ ಅಕ್ಷರಗಳು ಚಳಿ ಹಿಡಿದವರಂತೆ ನಡುಗುತ್ತಿದ್ದವು. ನಾಲ್ಕು ಸೆಕೆಂಡಿನ ಹೆಸರುಗಳಿಗೆ ಪಟ್ಟಿ, ಉದ್ದನೆಯ ಪುಟಗಳಿಗೆ ನಡುಕ ಎಂದು ಹಂಚಿಕೊಂಡು ದಿನ ತಳ್ಳಿದೆವು.

ಇಷ್ಟೆಲ್ಲ ಬಡತನವಿದ್ದರೂ ಕೈಕೊಡುವ ವಿಷಯದಲ್ಲಿ ಆ ಯಂತ್ರದ ನಡತೆ ಬಹಳ ಒಳ್ಳೆಯದಾಗಿತ್ತು. ಅದರ ಕಾರ್ಯವ್ಯವಸ್ಥೆ, ಬೇಸಿಕ್ ಭಾಷೆ ಎರಡೂ ಅಳಿಸಲಾಗದ ರಾಮ್ (ROM) ಚಿಪ್ಪುಗಳಲ್ಲಿದ್ದವು. ಮೆಮೊರಿಯ ರ‍್ಯಾಮ್ ಬೇರೆ, ಇದು ಓದುವುದಕ್ಕೆ ಮಾತ್ರ ಬರುವ ರಾಮ್. ಬೇಸಿಗೆಯ ಮಧ್ಯಾಹ್ನ ಒಳಗಿನ ಚಿಪ್ಪು ಕಾದು ತೆರೆಯ ತುಂಬ ಚುಕ್ಕಿಗಳೆದ್ದಾಗ, ಅಥವಾ ವೋಲ್ಟೇಜು ಕುಸಿದು ಯಂತ್ರ ಮೂಕವಾದಾಗ, ಬ್ರೇಕ್ ಕೀಲಿ ಒತ್ತಿದರೆ ಒಂದೇ ಸೆಕೆಂಡಿನಲ್ಲಿ ಅದು ಮತ್ತೆ ಎದ್ದು ಕೂರುತ್ತಿತ್ತು. ಕರೆಂಟು ಪೂರ್ತಿ ಹೋಗಿರದಿದ್ದರೆ ‘ಓಲ್ಡ್’ ಎಂಬ ಮೂರಕ್ಷರದ ಆಜ್ಞೆಯಿಂದ ಮೊದಲಿದ್ದ ಪ್ರೋಗ್ರಾಮೂ ಮರಳಿ ಬರುತ್ತಿತ್ತು. ಮಿಕ್ಸರಿನ ಮುಂದೆ ಕುಳಿತವರು ಅಷ್ಟರೊಳಗೆ ಆ ಕ್ಯಾಮೆರಾವನ್ನು ಕಪ್ಪಿಗಿಳಿಸಿದರೆ, ಹೆಸರು ಬರಲು ತುಸು ತಡವಾಯಿತು ಎಂಬುದನ್ನು ಬಿಟ್ಟು ನೋಡುಗರಿಗೆ ಏನೂ ತಿಳಿಯುತ್ತಿರಲಿಲ್ಲ.

ಅಮಿಗಾ ಬಂದ ದಿನ ಮಾತ್ರ ಸ್ಟುಡಿಯೊದಲ್ಲಿ ಹಬ್ಬ. ಕೊಮೊಡೋರ್ ಕಂಪನಿ 1987ರಲ್ಲಿ ತಂದ ಈ 500ರ ಮಾದರಿಯನ್ನು ವಿನ್ಯಾಸ ಮಾಡಿದವರು ಟೀವಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದರು. 4,096 ಬಣ್ಣಗಳ ಪೈಕಿ ಬೇಕಾದುದನ್ನು ಆರಿಸಿಕೊಳ್ಳಬಹುದು. ಇಂಟರ್‌ಲೇಸ್‌ನಲ್ಲಿ 640 ಅಗಲ, 512 ಎತ್ತರದ ತೆರೆ. ತೆರೆಯ ಅಂಚಿನಾಚೆಗೂ ಚಿತ್ರ ಹಬ್ಬಿಸುವ ಓವರ್‌ಸ್ಕ್ಯಾನ್. ಎಲ್ಲಕ್ಕಿಂತ ಹೆಚ್ಚಾಗಿ, ಹಿಂಬದಿಯ 23 ಪಿನ್ನುಗಳ ಕನೆಕ್ಟರಿಗೆ ಸಿಕ್ಕಿಸುವ ಜೆನ್‌ಲಾಕ್ ಸುಲಭದ ಬೆಲೆಗೆ ಸಿಗುತ್ತಿತ್ತು. ಯಂತ್ರದ ಸೊನ್ನೆಯ ಬಣ್ಣ, ಅಂದರೆ ಹಿನ್ನೆಲೆಯ ಬಣ್ಣ, ಎಲ್ಲೆಲ್ಲಿ ಇರುತ್ತದೋ ಅಲ್ಲೆಲ್ಲ ಜೆನ್‌ಲಾಕ್ ಟೇಪಿನ ಚಿತ್ರವನ್ನು ತೋರಿಸಿ ಮಿಕ್ಕ ಕಡೆ ಅಕ್ಷರಗಳನ್ನು ಕೂರಿಸುತ್ತಿತ್ತು. ಮೊದಲ ಸಲ ಮದುವೆಯ ವಿಡಿಯೊವೊಂದರ ಮೇಲೆ ವಧೂವರರ ಹೆಸರು ನೆರಳು ಸಮೇತ ಮೂಡಿದಾಗ, ಸ್ಟುಡಿಯೊದ ಯಜಮಾನರು ಕುರ್ಚಿ ಎಳೆದುಕೊಂಡು ಬಂದು ಕುಳಿತು, “ಇನ್ನೊಂದ್ಸಲ ತೋರ‍್ಸಿ ಸಾರ್” ಎಂದು ಮೂರು ಬಾರಿ ನೋಡಿದರು.

ಕನ್ನಡಕ್ಕೇ ಸಂಬಂಧಪಟ್ಟ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಇಂಟರ್‌ಲೇಸ್‌ನಲ್ಲಿ ಬೆಸ ಗೆರೆಗಳೂ ಸಮ ಗೆರೆಗಳೂ ಸರದಿಯ ಮೇಲೆ ಬರುವುದರಿಂದ, ಒಂದೇ ಗೆರೆಯಷ್ಟು ದಪ್ಪದ ಅಡ್ಡಗೀಟು ಸೆಕೆಂಡಿಗೆ 25 ಸಲ ಮಾತ್ರ ಕಾಣಿಸಿಕೊಂಡು ಮಿಣಮಿಣನೆ ಮಿನುಗುತ್ತದೆ. ಇಂಗ್ಲಿಷಿನ ಅಕ್ಷರಗಳಲ್ಲಿ ಇದು ಅಲ್ಲಲ್ಲಿ ಮಾತ್ರ ಕಾಡಿದರೆ, ನಮ್ಮಲ್ಲಿ ಹೆಚ್ಚುಕಡಿಮೆ ಪ್ರತಿ ಅಕ್ಷರದ ನೆತ್ತಿಯ ಮೇಲೂ ಒಂದು ತಲಕಟ್ಟು ಇರುತ್ತದೆ. ಒಂದು ಸಾಲು ಕನ್ನಡ ಹಾಕಿದರೆ ಸಾಲಿನ ತಲೆಯೆಲ್ಲ ಮಿಂಚುಹುಳುಗಳ ಸಾಲಾಗುತ್ತಿತ್ತು. ಪ್ರತಿ ತಲಕಟ್ಟನ್ನೂ ಎರಡು ಗೆರೆ ದಪ್ಪ ಮಾಡಿ, ಅದರ ಅಂಚಿಗೆ ಅರೆಬಣ್ಣದ ಇನ್ನೊಂದು ಗೆರೆ ಸೇರಿಸಿ ಇಡೀ ಅಕ್ಷರಮಾಲೆಯನ್ನು ಮೌಸಿನಲ್ಲಿ ಮತ್ತೆ ಬಿಡಿಸಲು ನನಗೆ ಎರಡು ತಿಂಗಳು ಹಿಡಿಯಿತು. ಬಣ್ಣಗಳು ಹೆಚ್ಚಿದ್ದ ಅಮಿಗಾದಲ್ಲಿ ಇದು ಸಾಧ್ಯವಾಯಿತು, ಎರಡೇ ಬಣ್ಣದ ಬಿಬಿಸಿ ಮೈಕ್ರೊದಲ್ಲಿ ಆಗುತ್ತಿರಲಿಲ್ಲ. ಅಕ್ಷರದ ಅಂದಕ್ಕೆ ಮಾತ್ರ ಅಂಕ ಕೊಡುವುದಾದರೆ ಈ ಹೋಲಿಕೆಯನ್ನು ಇಲ್ಲಿಗೇ ಮುಗಿಸಬಹುದಿತ್ತು.

ಆದರೆ ಅದೇ ಜೆನ್‌ಲಾಕ್ ಅದರ ಮರ್ಮಸ್ಥಾನವೂ ಆಗಿತ್ತು. ಅಮಿಗಾದ ಪ್ರೊಸೆಸರು, ಚಿತ್ರ ಬಿಡಿಸುವ ಚಿಪ್ಪುಗಳು, ಮೆಮೊರಿ ಎಲ್ಲವೂ ಸುಮಾರು 28 ಮೆಗಾಹರ್ಟ್ಸ್‌ನ ಒಂದೇ ಗಡಿಯಾರದಿಂದ ಹುಟ್ಟಿದ ಲಯಗಳಲ್ಲಿ ಓಡುತ್ತವೆ. ನಮ್ಮ ಜೆನ್‌ಲಾಕ್ ಮಾಡುತ್ತಿದ್ದುದೇನೆಂದರೆ, ಒಳಗಿನ ಗಡಿಯಾರವನ್ನು ಬದಿಗೆ ಸರಿಸಿ, ಹೊರಗಿನಿಂದ ಬರುವ ವಿಡಿಯೊಕ್ಕೆ ಹೊಂದಿಸಿದ ತನ್ನದೇ ಗಡಿಯಾರವನ್ನು ಯಂತ್ರಕ್ಕೆ ಉಣಿಸುವುದು. ಕ್ಯಾಮೆರಾದ ಗಟ್ಟಿಯಾದ ಸಿಂಕ್ ಬರುತ್ತಿರುವಾಗ ಏನೂ ತೊಂದರೆಯಿಲ್ಲ. ಸವೆದ ವಿಎಚ್‌ಎಸ್ ಟೇಪನ್ನು ನೇರವಾಗಿ ಕೊಟ್ಟರೆ, ಟೇಪು ಜೋಲಾಡಿದ ಹಾಗೆಲ್ಲ ಗಡಿಯಾರವೂ ಜೋಲಾಡುತ್ತಿತ್ತು. ಯಾರಾದರೂ ಗಮನವಿಲ್ಲದೆ ವಿಡಿಯೊ ಕೇಬಲನ್ನೇ ಕಿತ್ತರೆ ಕಂಪ್ಯೂಟರಿನ ಎದೆಬಡಿತವೇ ಒಂದು ಕ್ಷಣ ತಪ್ಪುತ್ತಿತ್ತು. ಟೇಪಿನ ಸಮಯವನ್ನು ತಿದ್ದಿಕೊಡುವ ಟಿಬಿಸಿ ಎಂಬ ಉಪಕರಣ ಇದಕ್ಕೆ ಸರಿಯಾದ ಮದ್ದು, ಆದರೆ ಅದರ ಬೆಲೆಯಲ್ಲಿ ಇನ್ನಷ್ಟು ಅಮಿಗಾಗಳನ್ನು ಕೊಳ್ಳಬಹುದಾಗಿತ್ತು. ಆ ದೋಷವನ್ನು ನಾನು ಯಂತ್ರದ ತಲೆಗೆ ಕಟ್ಟುವುದಿಲ್ಲ. ಮದ್ದಿಲ್ಲದೆ ಪಥ್ಯವೂ ಇಲ್ಲದೆ ಅದನ್ನು ದುಡಿಸಿಕೊಂಡವರು ನಾವು.

ಹಾಗೆ ತಪ್ಪಿದಾಗ ತೆರೆಯ ಮೇಲೆ ಏನು ಕಾಣುತ್ತಿತ್ತು ಎಂಬುದು ಅಮಿಗಾ ಬಳಸಿದವರಿಗೆಲ್ಲ ಗೊತ್ತು. ತೆರೆಯ ಮೇಲ್ಭಾಗದಲ್ಲಿ ಮಿಣುಕುವ ಕೆಂಪು ಚೌಕಟ್ಟು, ಅದರೊಳಗೆ ‘ಸಾಫ್ಟ್‌ವೇರ್ ಫೇಲ್ಯೂರ್’ ಎಂಬ ಘೋಷಣೆ, ಕೆಳಗೆ ‘ಗುರು ಮೆಡಿಟೇಶನ್’ ಎಂದು ಬರೆದು ಒಂದು ಉದ್ದನೆಯ ಸಂಖ್ಯೆ. ಸಂಖ್ಯೆ 00000003 ಎಂದು ಆರಂಭವಾದರೆ, ಪ್ರೊಸೆಸರು ಓದಬಾರದ ಬೆಸಸಂಖ್ಯೆಯ ವಿಳಾಸದಿಂದ ಓದಲು ಹೋಗಿದೆ ಎಂದರ್ಥ. ಅಮಿಗಾ ಕಟ್ಟಿದ ಇಂಜಿನಿಯರುಗಳು ಕೆಲಸದ ಬೇಸರ ಕಳೆಯಲು ಜಾಯ್‌ಬೋರ್ಡ್ ಎಂಬ ಆಟದ ಹಲಗೆಯ ಮೇಲೆ ಅಲುಗಾಡದೆ ಕೂರುತ್ತಿದ್ದ ತಮಾಷೆಯಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಈ ಚೌಕಟ್ಟಿನ ಕಪ್ಪು ಹಿನ್ನೆಲೆಯೂ ಸೊನ್ನೆಯ ಬಣ್ಣವೇ ಆದ್ದರಿಂದ, ಜೆನ್‌ಲಾಕ್ ಅದನ್ನು ತನ್ನ ಧರ್ಮಕ್ಕೆ ತಕ್ಕಂತೆ ಪಾರದರ್ಶಕವಾಗಿಸಿ, ಕೆಂಪು ಅಕ್ಷರಗಳನ್ನು ಮಾತ್ರ ಬಹಳ ಚೊಕ್ಕವಾಗಿ ಕಾರ್ಯಕ್ರಮದ ಮೇಲೆಯೇ ಕೂರಿಸುತ್ತಿತ್ತು. ಒಂದು ಸಂಜೆ ಹರಿಕಥೆಯ ಪ್ರಸಾರದ ನಡುವೆ, ದಾಸರ ತಲೆಯ ಮೇಲೆ ಕಿರೀಟವಿಟ್ಟ ಹಾಗೆ ಈ ಗುರುಧ್ಯಾನ ಮಿಣುಕಿತು. ಫೋನು ಮಾಡಿದ ಹಿರಿಯರೊಬ್ಬರು ಸಿಟ್ಟಾಗಿರಲಿಲ್ಲ. ಯಾವ ಗುರುಗಳ ಧ್ಯಾನ ಶಿಬಿರ, ಎಲ್ಲಿ ನಡೆಯುತ್ತದೆ, ಕೆಳಗೆ ಕೊಟ್ಟದ್ದು ಅವರ ಫೋನ್ ನಂಬರೇ ಎಂದು ವಿಚಾರಿಸಿಕೊಂಡರು.

ಎದ್ದು ಬರುವುದೂ ನಿಧಾನ. ಕಂಟ್ರೋಲ್ ಕೀಲಿಯನ್ನೂ ಎರಡು ಅಮಿಗಾ ಕೀಲಿಗಳನ್ನೂ ಒಟ್ಟಿಗೆ ಒತ್ತಿ ಮರುಪ್ರಾರಂಭಿಸಿದರೆ, 880 ಕಿಲೊಬೈಟಿನ ಫ್ಲಾಪಿಯಿಂದ ಕಾರ್ಯವ್ಯವಸ್ಥೆ, ಆಮೇಲೆ ಇನ್ನೊಂದು ಫ್ಲಾಪಿಯಿಂದ ಶೀರ್ಷಿಕೆಯ ಪ್ರೋಗ್ರಾಮು, ಮತ್ತೊಂದರಿಂದ ಕನ್ನಡ ಅಕ್ಷರಗಳು ಎಂದು ಕರ್‌ಕರ್ ಸದ್ದಿನೊಂದಿಗೆ ಬರಬೇಕು. ಆ ಎರಡು ಮೂರು ನಿಮಿಷ ಪ್ರಸಾರದಲ್ಲಿ ಒಂದು ಯುಗ. ಮಳೆಗಾಲದಲ್ಲಿ ಫ್ಲಾಪಿಗೆ ಬೂಷ್ಟು ಹಿಡಿದಿದ್ದರಂತೂ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಪ್ರತಿ ಫ್ಲಾಪಿಗೆ ಮೂರು ನಕಲು ಮಾಡಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡುವ ಅಭ್ಯಾಸ ನನಗೆ ಆಗಲೇ ಬಂದದ್ದು.

1992ರಲ್ಲಿ ಪಿಸಿಗೆ ಬದಲಾದೆವು. ಎಸ್‌ಪಿ ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿದ 286, ಡಾಸ್ ಕಾರ್ಯವ್ಯವಸ್ಥೆ, 640 ಕಿಲೊಬೈಟ್ ಮೆಮೊರಿ, 40 ಮೆಗಾಬೈಟಿನ ಹಾರ್ಡ್ ಡಿಸ್ಕು. ಪಿಸಿ ತನ್ನ ಮಾನಿಟರಿಗೆ ಕೊಡುವ ವಿಜಿಎ ಚಿತ್ರ ಸೆಕೆಂಡಿಗೆ 31,500 ಗೆರೆಗಳ ವೇಗದ್ದು, ಟೀವಿಗೆ ಬೇಕಾದದ್ದು 15,625. ಹಾಗಾಗಿ ವಿಜಿಎಯನ್ನು ಬಿಟ್ಟು ಟೀವಿಗೆಂದೇ ಪ್ರತ್ಯೇಕ ವಿಡಿಯೊ ಕಾರ್ಡು ಹಾಕಬೇಕು. ಕಾರ್ಡಿನಲ್ಲಿ ಒಂದು ಇಡೀ ಚಿತ್ರವನ್ನು ಹಿಡಿದಿಡುವ ತನ್ನದೇ ಮೆಮೊರಿಯೂ ತನ್ನದೇ ಜೆನ್‌ಲಾಕೂ ಇದ್ದವು. ಕನ್ನಡದ ಮಟ್ಟಿಗೂ ಅಷ್ಟರಲ್ಲಿ ಕಾಲ ಬದಲಾಗಿತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಬಂದ ಮೇಲೆ, ಭಾರತದ ಲಿಪಿಗಳಿಗೆಲ್ಲ ಒಂದೇ ಕೀಲಿವಿನ್ಯಾಸ, 1991ರಲ್ಲಿ ಮಾನಕವಾದ ಇಸ್ಕಿ ಎಂಬ ಅಕ್ಷರಸಂಕೇತ, ಇಂಥ ವ್ಯವಸ್ಥೆ ಸಿದ್ಧವಾಗಿತ್ತು. ಉಚ್ಚಾರದ ಕ್ರಮದಲ್ಲಿ ಕೀಲಿ ಒತ್ತಿದರೆ ಒತ್ತಕ್ಷರವನ್ನು ಯಂತ್ರವೇ ಕೂರಿಸುತ್ತಿತ್ತು. ‘ಷ್ಟ್ರೀ’ಯನ್ನು ಚಿತ್ರವಾಗಿ ಬಿಡಿಸಿಟ್ಟುಕೊಳ್ಳುವ ಪಾಡು ತಪ್ಪಿತು.

ಪಿಸಿಗೂ ಕಾಯಿಲೆಗಳಿದ್ದವು, ಆದರೆ ಹೆಚ್ಚಿನವು ಜೋಡಿಸಿದವರ ಕೈಯಿಂದ ಬಂದವು. ಎರಡು ಕಾರ್ಡುಗಳು ಒಂದೇ ವಿಳಾಸಕ್ಕೆ ಜಗಳವಾಡಿದರೆ ಜಂಪರುಗಳೆಂಬ ಸಣ್ಣ ಸಿಕ್ಕಿಸುವ ತುಂಡುಗಳನ್ನು ಕಿತ್ತು ಬದಲಿಸಬೇಕು. ಸ್ಲಾಟಿನಲ್ಲಿ ಕೂತ ಕಾರ್ಡಿನ ಅಂಚು ಕಪ್ಪಾದರೆ ಶಾಲೆಯ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹೊಳಪು ಬರಿಸಿ ಮತ್ತೆ ಕೂರಿಸಬೇಕು. ನನ್ನ ಟೂಲ್ ಬಾಕ್ಸಿನಲ್ಲಿ ಅತಿ ಹೆಚ್ಚು ಸವೆದ ಉಪಕರಣ ಆ ರಬ್ಬರೇ. ಚಳಿಗಾಲದ ಬೆಳಗ್ಗೆ ಹಾರ್ಡ್ ಡಿಸ್ಕು ತಿರುಗಲು ಹಟ ಮಾಡುವುದೂ ಇತ್ತು. ಆದರೆ ಪ್ರಸಾರದ ನಡುವೆ ಪ್ರೊಸೆಸರು ಸತ್ತುಬಿದ್ದರೆ ಏನೂ ಆಗುತ್ತಿರಲಿಲ್ಲ. ಚಿತ್ರವಿರುವುದು ಕಾರ್ಡಿನ ಮೆಮೊರಿಯಲ್ಲಿ. ಪ್ರೊಸೆಸರು ಇರಲಿ ಬಿಡಲಿ ಕಾರ್ಡು ತನ್ನ ಪಾಡಿಗೆ ಅದನ್ನು ಸಿಂಕ್‌ಗೆ ಸರಿಯಾಗಿ ತೋರಿಸುತ್ತಲೇ ಇರುತ್ತಿತ್ತು. ಕೆಂಪು ಚೌಕಟ್ಟಿಲ್ಲ, ಚುಕ್ಕಿಗಳಿಲ್ಲ. ಮಿಕ್ಸರಿನಲ್ಲಿ ಕೀ, ಅಂದರೆ ಅಕ್ಷರಗಳನ್ನು ಚಿತ್ರದ ಮೇಲೆ ಕೂರಿಸುವ ಏರ್ಪಾಡನ್ನು, ಇಳಿಸಿ ಅಕ್ಷರ ಮರೆಯಾಗಿಸಿ, ಆರಾಮಾಗಿ ಯಂತ್ರವನ್ನು ಮತ್ತೆ ಎಬ್ಬಿಸಬಹುದಿತ್ತು. ಎರಡು ವರ್ಷ ಕಾಲ ನಾನು ಎಲ್ಲರೆದುರೂ ಪಿಸಿಯನ್ನೇ ಹೊಗಳುತ್ತಿದ್ದೆ.

1994ರ ಡಿಸೆಂಬರಿನ ವಿಧಾನಸಭಾ ಚುನಾವಣೆಯ ಮತ ಎಣಿಕೆಯಂದು ಆ ಅಭಿಪ್ರಾಯ ಬದಲಾಯಿತು. ಮತಪತ್ರಗಳನ್ನು ಕೈಯಲ್ಲಿ ಎಣಿಸುತ್ತಿದ್ದ ಕಾಲವದು. ಸುತ್ತು ಸುತ್ತಿಗೆ ಫೋನಿನಲ್ಲಿ ಬರುವ ಮುನ್ನಡೆಯ ಅಂಕಿಗಳನ್ನು ಒಬ್ಬ ಹುಡುಗ ಚೀಟಿಯಲ್ಲಿ ಬರೆದು ತಂದುಕೊಡುತ್ತಿದ್ದ, ನಾನು ಟೈಪು ಮಾಡಿ ತೆರೆಗೆ ಬಿಡುತ್ತಿದ್ದೆ. ಸಂಜೆಯ ಹೊತ್ತಿಗೆ ಒಂದು ಕ್ಷೇತ್ರದ ಅಂಕಿ ತೆರೆಯ ಮೇಲಿರುವಾಗಲೇ ಪಿಸಿ ನಿಂತುಹೋಗಿತ್ತು. ನಾನು ಅದೇ ಹೊತ್ತಿಗೆ ಚೀಟಿಗಳ ಕಟ್ಟಿನಲ್ಲಿ ತಲೆ ಹುದುಗಿಸಿಕೊಂಡಿದ್ದೆ. ಮಿಕ್ಸರಿನವರಿಗೆ ಎದುರಿನ ಚಿತ್ರದಲ್ಲಿ ಯಾವ ಕುಂದೂ ಕಾಣಲಿಲ್ಲ. ಹನ್ನೊಂದು ನಿಮಿಷ ಆ ಮುನ್ನಡೆ ಹಾಗೆಯೇ ನಿಂತಿತ್ತು, ಆ ಹೊತ್ತಿಗೆ ಎಣಿಕೆಯ ಕೇಂದ್ರದಲ್ಲಿ ಅದು ತಿರುವುಮುರುವಾಗಿತ್ತು. ಚೀಟಿಯ ಹುಡುಗ ಬಂದು, “ಅಣ್ಣಾ, ಕೆಳಗೆ ಪಟಾಕಿ ಹೊಡೀತಾ ಇದಾರೆ, ಈ ಚೀಟೀಲಿ ನೋಡಿದ್ರೆ ಅವ್ರೇ ಹಿಂದೆ ಬಿದ್ದವ್ರೆ” ಎಂದ. ನಮ್ಮ ತೆರೆಯನ್ನು ನಂಬಿದ ಜನ ಬೀದಿಯಲ್ಲಿ ಪಟಾಕಿ ಹಚ್ಚಿದ್ದರು.

ಆ ರಾತ್ರಿ ನಾನು ಮೂರು ಯಂತ್ರಗಳನ್ನೂ ಹೊಸದಾಗಿ ತೂಗಿ ನೋಡಿದೆ. ಮದುವೆ, ಸಾಕ್ಷ್ಯಚಿತ್ರ, ಸಿನಿಮಾ ಹೆಸರುಗಳಿಗೆ ಪಿಸಿಯಂಥ ಮೌನದ ಸಾವು ವರವೇ ಸರಿ, ಏಕೆಂದರೆ ಅಲ್ಲಿ ತೆರೆಯ ಮೇಲಿರುವ ಮಾತು ಹಳಸುವುದಿಲ್ಲ. ನಿಮಿಷ ನಿಮಿಷಕ್ಕೂ ಬದಲಾಗುವ ಅಂಕಿಗಳಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಅಮಿಗಾ ಮಾನ ಕಳೆಯುತ್ತಿತ್ತು ನಿಜ, ಆದರೆ ಸುಳ್ಳು ಹೇಳುತ್ತಿರಲಿಲ್ಲ. ಕೆಟ್ಟೆನೆಂದು ಊರಿಗೆಲ್ಲ ಸಾರಿ ಕೆಡುತ್ತಿತ್ತು. ಎಣಿಕೆಯ ದಿನಕ್ಕೆ ನಿಜವಾಗಿ ಸಲ್ಲುವ ನಡತೆ ಬಿಬಿಸಿ ಮೈಕ್ರೊದ್ದು: ಕೆಟ್ಟರೆ ಕಣ್ಣಿಗೆ ಕಾಣುವಂತೆ ಕೆಟ್ಟು ಒಂದು ಸೆಕೆಂಡಿನಲ್ಲಿ ಎದ್ದು ಬರುವುದು. ಆದರೆ ಕಪ್ಪು ಬಟ್ಟೆಯ ಡಬ್ಬಿಗೆ ಮರಳುವುದು ಆಗುವ ಮಾತಲ್ಲ. ಪಿಸಿಗೇ ಆ ಗುಣವನ್ನು ಕಲಿಸಬೇಕಾಯಿತು.

ಅದಕ್ಕೆ ಮಾಡಿದ್ದು ಇಷ್ಟೇ. ಶೀರ್ಷಿಕೆಯ ಪ್ರೋಗ್ರಾಮಿನ ಮುಖ್ಯ ಸುತ್ತಿನಲ್ಲಿ, ತೆರೆಯ ಎಡಗಡೆಯ ಕಟ್ಟಕಡೆಯ ಮೂಲೆಯಲ್ಲಿ ನಾಲ್ಕು ಬಿಂದು ಅಗಲದ ಚುಕ್ಕಿಯೊಂದನ್ನು ಅರ್ಧ ಸೆಕೆಂಡಿಗೊಮ್ಮೆ ಮೂಡಿಸಿ ಅಳಿಸುವ ಆಜ್ಞೆ ಸೇರಿಸಿದೆ. ಆಗಿನ ಮನೆಯ ಟೀವಿಗಳು ಚಿತ್ರದ ಅಂಚನ್ನು ಚೌಕಟ್ಟಿನ ಹಿಂದೆ ಮುಚ್ಚಿಕೊಳ್ಳುತ್ತಿದ್ದುದರಿಂದ ನೋಡುಗರಿಗೆ ಅದು ಕಾಣುತ್ತಿರಲಿಲ್ಲ. ಚಿತ್ರವನ್ನು ಕುಗ್ಗಿಸಿ ಅಂಚುಸಮೇತ ತೋರಿಸುವ ನಮ್ಮ ಅಂಡರ್‌ಸ್ಕ್ಯಾನ್ ಮಾನಿಟರಿನಲ್ಲಿ ಮಾತ್ರ ಅದು ನಾಡಿಯ ಹಾಗೆ ಮಿಡಿಯುತ್ತಿತ್ತು. ಚುಕ್ಕಿ ನಿಂತರೆ ಕೀ ಇಳಿಸಬೇಕು, ಮಿಕ್ಕ ಪ್ರಶ್ನೆಗಳೆಲ್ಲ ಆಮೇಲೆ ಎಂದು ಮಿಕ್ಸರಿನ ಮೇಲೊಂದು ಚೀಟಿ ಅಂಟಿಸಿದೆವು. 1996ರಲ್ಲಿ ನಾನು ಆ ಕೆಲಸ ಬಿಡುವವರೆಗೂ ಪಿಸಿ ಹಲವು ಬಾರಿ ನಿಂತಿತು, ಹಳೆಯ ಅಂಕಿ ಮಾತ್ರ ಮತ್ತೆಂದೂ ತೆರೆಯ ಮೇಲೆ ಹಾಗೆ ನಿಲ್ಲಲಿಲ್ಲ.

ಈಗ ಬಿಬಿಸಿ ಮೈಕ್ರೊ ಮತ್ತು ಅಮಿಗಾ ನನ್ನ ಮನೆಯ ಅಟ್ಟದಲ್ಲಿವೆ. ಇಂಥವನ್ನು ಇಟ್ಟುಕೊಂಡವರಿಗಾಗಿ ಎರಡು ಮಾತು ಸೇರಿಸುತ್ತೇನೆ. ಬಿಬಿಸಿ ಮೈಕ್ರೊದ ಪವರ್ ಸಪ್ಲೈಯಲ್ಲಿರುವ, ಕಾಗದದ ಪದರಗಳ ಹಳೆಯ ಫಿಲ್ಟರ್ ಕೆಪಾಸಿಟರುಗಳು ಕಾಲಕ್ರಮದಲ್ಲಿ ಬಿರುಕು ಬಿಟ್ಟು ತೇವ ಹೀರಿಕೊಂಡು, ಸ್ವಿಚ್ಚು ಹಾಕಿದ ಕೆಲವು ನಿಮಿಷದಲ್ಲಿ ಗಬ್ಬು ಹೊಗೆ ಕಾರುತ್ತವೆ. ಆನ್ ಮಾಡುವ ಮೊದಲೇ ಅವನ್ನು ಬದಲಿಸಿಬಿಡಬೇಕು. ಅಮಿಗಾದ ಹೊಟ್ಟೆಯ ಕೆಳಗೆ ಸೇರಿಸುವ ಮೆಮೊರಿ ಕಾರ್ಡಿನಲ್ಲಿ ಗಡಿಯಾರಕ್ಕೆಂದು ಚಿಕ್ಕ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇದ್ದರೆ, ಅದು ಸೋರಿ ತಾಮ್ರದ ಗೆರೆಗಳನ್ನು ಹಸಿರಾಗಿಸಿ ತಿನ್ನುತ್ತದೆ. ಅದನ್ನು ಇಂದೇ ಕತ್ತರಿಸಿ ತೆಗೆಯಬೇಕು. ನನ್ನ ಅಮಿಗಾದಲ್ಲಿ ಅದನ್ನು ತೆಗೆಯುವಷ್ಟರಲ್ಲಿ ಎರಡು ಗೆರೆಗಳು ಹೋಗಿದ್ದವು, ಸಣ್ಣ ತಂತಿ ಬೆಸೆದು ಸರಿಪಡಿಸಿದ್ದೇನೆ. 286ನ್ನು ಯಾರೋ ಗುಜರಿಗೆ ಹಾಕಿದರು, ವಿಡಿಯೊ ಕಾರ್ಡು ಮಾತ್ರ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಅದರ ಅಂಚು ಮತ್ತೆ ಕಪ್ಪಾಗಿದೆ.